ಸುಟ್ಟ ಗುಡ್ಡಕ್ಕೂ ಟೊಮೆಟೊ ಬದುವಿಗೂ ತಂಗಡಿ: ಬೀಜದಿಂದ ಹೂವಿನವರೆಗೆ

ಬೇಸಿಗೆಯಲ್ಲಿ ಗುಡಿಬಂಡೆ, ಚಿಂತಾಮಣಿ, ಮಧುಗಿರಿ ಕಡೆ ಓಡಾಡುವವರಿಗೆ ಕಪ್ಪಗೆ ಸುಟ್ಟ ಗುಡ್ಡ ಹೊಸದೇನಲ್ಲ. ಸಂಕ್ರಾಂತಿ ಕಳೆದರೆ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ. ಯಾರೋ ಬೀಡಿ ಎಸೆಯುತ್ತಾರೆ. ಇಲ್ಲವೇ ಹೊಸ ಹುಲ್ಲು ಬೇಗ ಚಿಗುರಲಿ ಅಂತ ಬೇಕಂತಲೇ ಕಡ್ಡಿ ಗೀರುತ್ತಾರೆ. ರಾತ್ರಿ ಬೆಟ್ಟ ಹತ್ತಲು ಬಂದವರು ಹಾಕಿ, ಆರಿಸದೆ ಬಿಟ್ಟ ಬೆಂಕಿಯೂ ಉಂಟು.

ಮಳೆ ಬಿದ್ದ ಮೇಲೆ ಆ ಕಪ್ಪು ನೆಲದಲ್ಲಿ ಬೇಗ ಹಸಿರಾಗುವ ಗಿಡಗಳಲ್ಲಿ ತಂಗಡಿ ಒಂದು. ಕೆಲವರು ಆವರಿಕೆ ಅನ್ನುತ್ತಾರೆ, ತೆಲುಗು ಮಾತಾಡುವ ಮನೆಗಳಲ್ಲಿ ತಂಗೇಡು. ರಸ್ತೆ ಬದಿ, ಗೋಮಾಳ, ಕೆರೆ ಏರಿ, ಹೊಲದ ಬದು, ಎಲ್ಲ ಕಡೆ ತಾನಾಗೇ ಇದ್ದ ಗಿಡ. ಜೆಸಿಬಿ ಬಂದು ಬದು ಕೆರೆದ ಕಡೆಯೆಲ್ಲ ಈಗ ಮಾಯವಾಗಿದೆ. ಅದನ್ನು ಮತ್ತೆ ಬೆಳೆಸುವುದು ಹೇಗೆ ಅನ್ನುವುದಕ್ಕೆ ಈ ಬರಹ. ಗಿಡ ತುಂಬಾ ಸುಲಭದ್ದು. ಜನ ಎಡವುವುದು ಎರಡೇ ಕಡೆ. ಒಂದು, ಹಾಕಿದ ಬೀಜ ಮೊಳೆಯುವುದಿಲ್ಲ. ಇನ್ನೊಂದು, ಸುಟ್ಟ ಜಾಗದಲ್ಲಿ ಬೇಡದ ಕೆಲಸ ಮಾಡಿ ಇದ್ದದ್ದನ್ನೂ ಹಾಳು ಮಾಡುತ್ತಾರೆ. ಆ ಎರಡಕ್ಕೂ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಟೊಮೆಟೊ ಬೆಳೆಯುವವರಿಗೆ ಇದರಲ್ಲೇನಿದೆ

ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು. ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಕಡ್ಡಿ ನೆಟ್ಟು ದಾರ ಕಟ್ಟಿದ ತೋಟ ಇಲ್ಲದ ಊರು ಹುಡುಕಬೇಕು. ಹಾಗಾಗಿ ಮೊದಲು ಟೊಮೆಟೊ ಹೂವಿನ ವಿಷಯ ಹೇಳಿಬಿಡುತ್ತೇನೆ.

ಟೊಮೆಟೊ ಹೂವಿನ ನಡುವೆ ಹಳದಿ ಕೊಳವೆ ಥರ ಇರುವುದು ಕೇಸರ. ಅದರೊಳಗೆ ಪರಾಗ ಇರುತ್ತದೆ, ಆದರೆ ಸುಮ್ನೆ ಮುಟ್ಟಿದರೆ ಉದುರುವುದಿಲ್ಲ. ಹೂವು ಅದುರಬೇಕು. ಗಾಳಿ ಬೀಸಿದಾಗ ಒಂದಷ್ಟು ಉದುರಿ, ಅದೇ ಹೂವಿಗೆ ಬಿದ್ದು ಕಾಯಿ ಕಟ್ಟುತ್ತದೆ. ಆದರೆ ಕೆಲವು ಹುಳುಗಳು ಈ ಕೆಲಸವನ್ನು ಗಾಳಿಗಿಂತ ಚೆನ್ನಾಗಿ ಮಾಡುತ್ತವೆ. ಹೂವನ್ನು ಕಾಲಿನಿಂದ ಬಿಗಿಯಾಗಿ ಹಿಡಿದು, ರೆಕ್ಕೆ ಆಡಿಸದೆ, ಹಾರಲು ಬಳಸುವ ಎದೆಯ ಸ್ನಾಯುಗಳನ್ನಷ್ಟೇ ಜೋರಾಗಿ ಅದುರಿಸುತ್ತವೆ. ಗುಂಯ್ ಅನ್ನುವ ಸದ್ದು ಬರುತ್ತದೆ, ಪರಾಗ ಪುಡಿಯಾಗಿ ಹೊರಗೆ ಸುರಿಯುತ್ತದೆ. ಬದನೆ ಹೂವಿಗೂ ಇದೇ ಲೆಕ್ಕ. ಹೀಗೆ ಅದುರಿದ ಹೂವಲ್ಲಿ ಕಾಯಿ ಚೆನ್ನಾಗಿ ಕಚ್ಚುತ್ತದೆ, ಕಾಯಿ ತುಂಬಿಕೊಂಡು ಬರುತ್ತದೆ.

ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಹೆಜ್ಜೇನಿಗೂ ಬರುವುದಿಲ್ಲ, ಕೋಲುಜೇನಿಗೂ ಬರುವುದಿಲ್ಲ. ಬರುವುದು ಕರಿದುಂಬಿಗೆ. ಮನೆಯ ತೊಲೆಯಲ್ಲಿ, ಒಣ ಬಿದಿರಿನಲ್ಲಿ ದುಂಡಗೆ ತೂತು ಕೊರೆಯುವ ಆ ದಪ್ಪ ಕಪ್ಪು ದುಂಬಿಯೇ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ, ಮಣ್ಣಿನಲ್ಲಿ ಗೂಡು ಮಾಡುವ ಒಂಟಿ ಜೇನು ಇದೆಯಲ್ಲ, ಅದಕ್ಕೂ ಬರುತ್ತದೆ. ಯುರೋಪಿನಲ್ಲಿ 1980ರ ದಶಕದ ಕೊನೆಯಿಂದ ಗಾಜಿನ ಮನೆಯ ಟೊಮೆಟೊಗೆ ಬಂಬಲ್ ಬೀ ಅನ್ನುವ ಹುಳುವಿನ ಪೆಟ್ಟಿಗೆಯನ್ನೇ ದುಡ್ಡು ಕೊಟ್ಟು ತಂದು ಇಡುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಬಂಬಲ್ ಬೀ ಇಲ್ಲ. ಆ ಕೆಲಸ ನಮ್ಮಲ್ಲಿ ದುಂಬಿಯದು, ಅದೂ ಪುಕ್ಕಟೆ.

ಆದರೆ ದುಂಬಿ ವರ್ಷವಿಡೀ ಬದುಕಿರಬೇಕಲ್ವಾ? ಟೊಮೆಟೊ ಹೂವು ಕೆಲವೇ ವಾರ. ಬೆಳೆ ತೆಗೆದು ಗಿಡ ಕಿತ್ತ ಮೇಲೆ ಅದು ಎಲ್ಲಿಗೆ ಹೋಗಬೇಕು? ಇಲ್ಲಿ ಬರುತ್ತದೆ ತಂಗಡಿ. ಅದರ ಹೂವೂ ಅದುರಿಸಿದರೆ ಮಾತ್ರ ಪರಾಗ ಕೊಡುವ ಜಾತಿ. ಹತ್ತು ಕೇಸರ ಇರುತ್ತವೆ. ಮೇಲಿನ ಮೂರು ಸಣ್ಣವು, ಬಂಜೆ. ಉಳಿದವುಗಳ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ. ದುಂಬಿ ಬಂದು ಗುಂಯ್ ಅನ್ನಿಸಿದರೆ ಪರಾಗ ಅಲ್ಲಿಂದ ಚಿಮ್ಮುತ್ತದೆ. ಮಳೆಗಾಲ ಕೂಡಿಕೊಂಡ ಮೇಲೆ ಹೂವು ಜೋರಾಗುತ್ತದೆ, ಚಳಿಗಾಲದವರೆಗೂ ಇರುತ್ತದೆ. ಬೇರೆ ಹೊತ್ತಲ್ಲೂ ಅಲ್ಲೊಂದು ಇಲ್ಲೊಂದು ಗಿಡ ಹೂ ಬಿಟ್ಟೇ ಇರುತ್ತದೆ. ಬದುವಿನ ಮೇಲೆ ಒಂದು ಸಾಲು ತಂಗಡಿ ಇದ್ದರೆ ನಿಮ್ಮ ಟೊಮೆಟೊ, ಬದನೆ ಹೂವಿಗೆ ಬರಬೇಕಾದ ದುಂಬಿಗೆ ಪಕ್ಕದಲ್ಲೇ ಊಟ.

ಒಂದು ಮಾತು ಇಲ್ಲೇ ಹೇಳಬೇಕು. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಜೇನುಪೆಟ್ಟಿಗೆ ಇಟ್ಟವರು ಇದನ್ನು ನೆಟ್ಟು ಜೇನುತುಪ್ಪ ಜಾಸ್ತಿ ಬರುತ್ತದೆ ಅಂತ ಕಾಯಬೇಡಿ. ಉದುರಿದ ಪುಡಿಯನ್ನು ತುಡುವೆ ಆಯ್ದುಕೊಳ್ಳಬಹುದು, ಅಷ್ಟೇ. ಮಕರಂದಕ್ಕೆ ಬೇರೆ ಹೂವು ಬೇಕು. ಅದಕ್ಕೆ ತುಂಬೆ ಇದೆ, ಮುಂದೆ ಬರುತ್ತದೆ.

ಗಿಡ ಇದೇ ಅಂತ ಖಾತ್ರಿ ಮಾಡಿಕೊಳ್ಳಿ

ಹಳದಿ ಹೂವೆಲ್ಲ ತಂಗಡಿ ಅಲ್ಲ. ಊರಿನ ರಸ್ತೆ ಬದಿ ಸಾಲಾಗಿ ನೆಟ್ಟಿರುವ ದೊಡ್ಡ ಮರ ಸೀಮೆ ತಂಗಡಿ, ಅದು ಹೊರಗಿನದು. ಬಂಡೀಪುರ, ನಾಗರಹೊಳೆ ಕಾಡನ್ನು ನುಂಗುತ್ತಿರುವ ಇನ್ನೊಂದು ಹಳದಿ ಹೂವಿನ ಮರವಿದೆ, ಸೆನ್ನಾ ಸ್ಪೆಕ್ಟಾಬಿಲಿಸ್ ಅಂತ. ಅದು ದಕ್ಷಿಣ ಅಮೆರಿಕದ ಕಡೆಯದು. ಅಂದಕ್ಕೆ ಅಂತ ತಂದವರ ಉಪಕಾರ. ಅದರ ಬೀಜ ತಪ್ಪಿಯೂ ಗುಡ್ಡದ ಕಡೆ ಒಯ್ಯಬಾರದು. ಕಾಂಪೌಂಡ್ ಪಕ್ಕ ಗಂಟೆ ಆಕಾರದ ಹಳದಿ ಹೂ ಬಿಡುವ ಟೆಕೋಮಾ ಕೂಡ ಪರದೇಶದ್ದೇ.

ನಮ್ಮ ತಂಗಡಿಯ ಹೆಸರು ಸೆನ್ನಾ ಆರಿಕ್ಯುಲೇಟಾ. ಇದು ಪೊದೆ. ಸಾಮಾನ್ಯವಾಗಿ ಎದೆಮಟ್ಟದಿಂದ ಆಳೆತ್ತರ, ಮಣ್ಣು ಚೆನ್ನಾಗಿದ್ದರೆ ಅದಕ್ಕೂ ಮೇಲೆ. ಗುರುತು ಹಿಡಿಯಲು ಒಂದೇ ಜಾಗ ನೋಡಿ. ಎಲೆಯ ಕಡ್ಡಿ ಕೊಂಬೆಗೆ ಸೇರುವಲ್ಲಿ ಕಿವಿಯ ಆಕಾರದ ಅಗಲವಾದ ಹಸಿರು ಚೂರು ಅಂಟಿಕೊಂಡಿರುತ್ತದೆ, ಬೇಗ ಉದುರುವುದಿಲ್ಲ. ಅದು ಇದ್ದರೆ ತಂಗಡಿ. ಕಾಯಿ ಚಪ್ಪಟೆ, ಕಾಗದದಷ್ಟು ತೆಳು, ಒಣಗಿದರೆ ಕಂದು. ಒಳಗಿನ ಬೀಜ ಹೊರಗಿಂದಲೇ ಉಬ್ಬಿ ಕಾಣುತ್ತದೆ. ಒಂದು ಕಾಯಲ್ಲಿ ಹತ್ತರ ಮೇಲೆ, ಇಪ್ಪತ್ತರ ಒಳಗೆ ಬೀಜ ಸಿಗುತ್ತವೆ.

ತೆಲಂಗಾಣದವರು ಇದನ್ನು ರಾಜ್ಯದ ಹೂವು ಮಾಡಿಕೊಂಡಿದ್ದಾರೆ. ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು. ನಮ್ಮಲ್ಲಿ ಅದೇ ಗಿಡವನ್ನು ಕಳೆ ಅಂತ ಕಿತ್ತು ಹಾಕುತ್ತೇವೆ!

ಬೀಜ ಎಲ್ಲಿಂದ, ಯಾವಾಗ

ಜನವರಿಯಿಂದ ಮಾರ್ಚ್ ಒಳಗೆ ಬೀಜ ಕೂಡಿಸಿ. ಕಾಯಿ ಪೂರ್ತಿ ಕಂದಾಗಿ, ಅಲುಗಾಡಿಸಿದರೆ ಗಲಗಲ ಅನ್ನಬೇಕು. ಹಸಿರು ಕಾಯಿ ಕಿತ್ತು ಒಣಗಿಸಿದರೆ ಬೀಜ ಸುಕ್ಕಾಗುತ್ತದೆ, ಪ್ರಯೋಜನವಿಲ್ಲ.

ರಸ್ತೆ ಬದಿ, ಕೆರೆ ಏರಿ, ಸ್ವಂತ ಬದು, ಅಕ್ಕಪಕ್ಕದವರ ಹೊಲ, ಇಲ್ಲೆಲ್ಲ ಕೇಳಿ ತೆಗೆದುಕೊಳ್ಳಿ. ದೇವರಾಯನದುರ್ಗ, ನಂದಿ ಸುತ್ತ ಇರುವ ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಬೀಜ ಕೂಡಿಸಬೇಡಿ, ಬಿತ್ತಲೂ ಹೋಗಬೇಡಿ. ಒಂದೇ ಗಿಡದಿಂದ ಎಲ್ಲ ಬೀಜ ತೆಗೆಯಬೇಡಿ. ಹತ್ತಿಪ್ಪತ್ತು ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆದರೆ ಮುಂದಿನ ಪೀಳಿಗೆ ಗಟ್ಟಿ ಇರುತ್ತದೆ. ಆದಷ್ಟು ಹತ್ತಿರದ ಬೀಜವೇ ಬೇಕು. ಪಾವಗಡದ ಒಣನೆಲಕ್ಕೆ ಅಲ್ಲಿಯದೇ ಗಿಡದ ಬೀಜ ಸರಿ.

ಕಾಯಿಗಳನ್ನು ಗೋಣಿಚೀಲದಲ್ಲಿ ಹಾಕಿ ಕೋಲಿನಿಂದ ಬಡಿದು, ಮೊರದಲ್ಲಿ ಕೇರಿದರೆ ಬೀಜ ಬೇರೆಯಾಗುತ್ತದೆ. ಆಮೇಲೆ ಬೆಳಕಿನಲ್ಲಿ ನೋಡಿ. ದುಂಡಗೆ ಸಣ್ಣ ತೂತು ಇರುವ ಬೀಜವನ್ನು ಹುಳು ತಿಂದಿದೆ, ಎಸೆಯಿರಿ. ಉಳಿದದ್ದನ್ನು ತಣ್ಣೀರಿಗೆ ಹಾಕಿ. ತೇಲಿದ್ದು ಜೊಳ್ಳು. ಮುಳುಗಿದ್ದನ್ನು ನೆರಳಲ್ಲಿ ಆರಿಸಿ, ಬೇವಿನ ಒಣ ಎಲೆ ಸೇರಿಸಿ ಬಟ್ಟೆ ಚೀಲದಲ್ಲಿ ಕಟ್ಟಿಡಿ. ಗಟ್ಟಿ ಸಿಪ್ಪೆಯ ಬೀಜ, ಮುಂಗಾರಿನವರೆಗೆ ಏನೂ ಆಗುವುದಿಲ್ಲ.

ಬೀಜಕ್ಕೆ ಬಿಸಿ ಮುಟ್ಟಿಸುವುದು

ತಂಗಡಿ ಬೀಜ ಹಾಕಿದೆ, ಒಂದೂ ಬರಲಿಲ್ಲ ಅನ್ನುವವರೇ ಜಾಸ್ತಿ. ಬೀಜದಲ್ಲಿ ದೋಷ ಇರುವುದಿಲ್ಲ. ಅದರ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಹಾಗೇ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರಬಲ್ಲದು. ಬಿಸಿಲು, ಮಣ್ಣಿನ ಉಜ್ಜಾಟ, ಕೆಲವೊಮ್ಮೆ ಬೆಂಕಿಯ ಶಾಖ ತಗುಲಿ ಸಿಪ್ಪೆಯಲ್ಲಿ ಸಣ್ಣ ಬಿರುಕು ಬಿಟ್ಟಾಗ ಮಾತ್ರ ನೀರು ಒಳಗೆ ಹೋಗುತ್ತದೆ, ಮೊಳಕೆ ಬರುತ್ತದೆ. ಹುಲ್ಲಿನ ಬೆಂಕಿ ಬೇಗ ಓಡುತ್ತದೆ. ಮೇಲ್ಮಣ್ಣು ಸುಡುತ್ತದೆ, ಒಂದೆರಡು ಅಂಗುಲ ಕೆಳಗೆ ಅಷ್ಟಾಗಿ ಕಾಯುವುದಿಲ್ಲ. ನೆಲದ ಮೇಲೇ ಬಿದ್ದಿದ್ದ ಬೀಜ ಸುಟ್ಟುಹೋಗುತ್ತದೆ, ಸ್ವಲ್ಪ ಒಳಗಿದ್ದದ್ದು ಎಚ್ಚರವಾಗುತ್ತದೆ. ಸುಟ್ಟ ನೆಲದಲ್ಲಿ ತಂಗಡಿ ಸಸಿ ಒಟ್ಟಿಗೆ ಏಳುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಬೆಂಕಿ ಹಚ್ಚಿದರೆ ಒಳ್ಳೆಯದು ಅಂತ ಯಾರೂ ಓದಿಕೊಳ್ಳಬೇಡಿ. ಅದೇ ಬೆಂಕಿಯಲ್ಲಿ ಹಕ್ಕಿ ಮೊಟ್ಟೆ, ಆಮೆ, ಎಳೆ ಮರ, ದುಂಬಿಯ ಗೂಡು ಎಲ್ಲ ಹೋಗುತ್ತವೆ. ಬೀಜಕ್ಕೆ ಬೇಕಾದ ಶಾಖವನ್ನು ಒಲೆಯ ಮೇಲಿನ ಪಾತ್ರೆಯಲ್ಲೇ ಕೊಡಬಹುದು.

ಮಾಡುವುದು ಹೀಗೆ. ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿ. ಕುದಿತ ನಿಂತು ಒಂದೆರಡು ನಿಮಿಷ ಆಗಲಿ. ಬೀಜವನ್ನು ಬೇರೆ ಪಾತ್ರೆಗೆ ಹಾಕಿ, ಅದರ ನಾಲ್ಕೈದು ಪಟ್ಟು ನೀರು ಸುರಿಯಿರಿ. ಹಾಗೇ ಆರಲು ಬಿಟ್ಟು, ರಾತ್ರಿಯೆಲ್ಲ ನೆನೆಸಿ. ಒಲೆ ಮೇಲೆ ಬೀಜ ಇಟ್ಟು ಕುದಿಸಿದರೆ ಬೆಂದುಹೋಗುತ್ತದೆ, ಅದು ಮಾತ್ರ ಬೇಡ. ಬೆಳಗ್ಗೆ ನೋಡಿದರೆ ಕೆಲವು ಬೀಜ ಉಬ್ಬಿ ದಪ್ಪಗಾಗಿರುತ್ತವೆ. ಅವು ತಯಾರು. ಉಬ್ಬದವನ್ನು ಆರಿಸಿ ತೆಗೆದು ಇನ್ನೊಮ್ಮೆ ಬಿಸಿನೀರು ಹಾಕಿ. ಸ್ವಲ್ಪವೇ ಬೀಜ ಇದ್ದರೆ ಬಿಸಿನೀರೂ ಬೇಡ. ಒಂದೊಂದನ್ನೇ ಉಪ್ಪುಕಾಗದದ ಮೇಲೆ ಒಂದು ಬದಿ ಉಜ್ಜಿ, ಸಿಪ್ಪೆಯ ಬಣ್ಣ ಮಾಸಿದ ಕೂಡಲೇ ನಿಲ್ಲಿಸಿ, ತಣ್ಣೀರಲ್ಲಿ ನೆನೆಸಿ. ಮಕ್ಕಳಿಗೆ ರಜೆಯಲ್ಲಿ ಕೊಡಬಹುದಾದ ಕೆಲಸ.

ಎಲ್ಲ ಬೀಜಕ್ಕೂ ಒಟ್ಟಿಗೆ ಮಾಡುವ ಮುಂಚೆ ಇಪ್ಪತ್ತು ಬೀಜದಲ್ಲಿ ಪರೀಕ್ಷೆ ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಳೆತರೆ ನಿಮ್ಮ ನೀರಿನ ಬಿಸಿ ಸರಿಯಾಗಿದೆ. ಉಬ್ಬಿದ ಬೀಜವನ್ನು ಮತ್ತೆ ಒಣಗಿಸಿ ಇಡಲು ಆಗುವುದಿಲ್ಲ. ಹಾಗಾಗಿ ಬಿತ್ತುವ ಹಿಂದಿನ ರಾತ್ರಿಯೇ ಈ ಕೆಲಸ.

ಬದುವಿನ ಮೇಲೆ ಬಿತ್ತನೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಮಳೆಯ ಲೆಕ್ಕ ಗೊತ್ತಿರುವುದೇ. ಜೂನ್‌ನಲ್ಲಿ ಆಸೆ ತೋರಿಸುತ್ತದೆ, ಜುಲೈನಲ್ಲಿ ಕೈಕೊಡುತ್ತದೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸುರಿಯುತ್ತದೆ. ಬಾಗೇಪಲ್ಲಿ, ಪಾವಗಡದಲ್ಲಿ ಅದೂ ಗ್ಯಾರಂಟಿ ಇಲ್ಲ. ಬಿಸಿನೀರು ತೋರಿಸಿದ ಬೀಜ ಒಂದು ಹದ ಮಳೆಗೆ ಒಟ್ಟಿಗೇ ಎದ್ದುಬಿಡುತ್ತದೆ. ಆಮೇಲೆ ಮೂರು ವಾರ ಒಣಗಿದರೆ ಒಟ್ಟಿಗೇ ಸಾಯುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಸಲ ಹಾಕಬೇಡಿ. ಅರ್ಧವನ್ನು ಆರಿದ್ರ ಮಳೆಗೆ, ಅಂದರೆ ಜೂನ್ ಕೊನೆಗೆ ಹಾಕಿ. ಉಳಿದರ್ಧ ಮಘೆ, ಪುಬ್ಬೆಗೆ, ಆಗಸ್ಟ್ ಕೊನೆಯ ಸುಮಾರಿಗೆ. ಪ್ರತಿ ಸಲವೂ ಬಿಸಿನೀರು ತೋರಿಸಿದ ಮೂರು ಪಾಲಿಗೆ ಏನೂ ಮಾಡದ ಒಂದು ಪಾಲು ಬೀಜ ಸೇರಿಸಿ. ಆ ಒಂದು ಪಾಲು ಮಣ್ಣಿನಲ್ಲಿ ಕಾದಿರುತ್ತದೆ, ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಏಳುತ್ತದೆ. ಬರ ಬಂದರೆ ನಿಮ್ಮನ್ನು ಉಳಿಸುವುದು ಅದೇ.

ಬದುವಿನಲ್ಲಿ ಮೂರು ಅಡಿಗೊಂದು ಜಾಗ ಗುರುತು ಮಾಡಿ. ಕುರ್ಚಿಗಿಯಿಂದ ಒಂದು ಗೇಣು ಅಗಲ ಮಣ್ಣು ಸಡಿಲ ಮಾಡಿ, ನಾಲ್ಕೈದು ಬೀಜ ಉದುರಿಸಿ, ಅರ್ಧ ಅಂಗುಲ ಮಣ್ಣು ಮುಚ್ಚಿ, ಪಾದದಲ್ಲಿ ಮೆಲ್ಲಗೆ ಒತ್ತಿ. ಆಳ ಹಾಕಬೇಡಿ. ಗೊಬ್ಬರ ಬೇಕಿಲ್ಲ. ಕೆಂಪು ಮಣ್ಣು, ಕಲ್ಲುಮಿಶ್ರಿತ ಗರಸು ಮಣ್ಣು ಇದಕ್ಕೆ ಸಾಕು. ನೀರು ನಿಲ್ಲುವ ಜಾಗ ಮಾತ್ರ ಆಗುವುದಿಲ್ಲ. ಪೂರ್ತಿ ಬಿಸಿಲು ಬೇಕು. ಮಾವಿನ ತೋಪಿನ ನೆರಳಲ್ಲಿ ಹಾಕಿದರೆ ಉದ್ದಕ್ಕೆ ಸೊರಗುತ್ತದೆ, ಹೂವು ಬಿಡುವುದಿಲ್ಲ. ತರಕಾರಿ ಸಾಲಿನಿಂದ ಮೂರು ನಾಲ್ಕು ಅಡಿ ದೂರ ಇರಲಿ, ಇಲ್ಲದಿದ್ದರೆ ಎರಡನೇ ವರ್ಷ ಔಷಧಿ ಹೊಡೆಯುವಾಗ, ಕಾಯಿ ಬಿಡಿಸುವಾಗ ಅಡ್ಡ.

ಇದು ದ್ವಿದಳದ ಗಿಡ, ಹೊಲಕ್ಕೆ ಸಾರಜನಕ ಕಟ್ಟಿಕೊಡುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗಿಲ್ಲ. ಅವರೆ, ತೊಗರಿ ಬೇರಿನಲ್ಲಿ ಇರುವಂಥ ಗಂಟು ಇದರ ಬೇರಿನಲ್ಲಿ ಆಗುವುದಿಲ್ಲ. ಸೊಪ್ಪು ಕಡಿದು ಮಣ್ಣಿಗೆ ಹಾಕಿದರೆ ಹಸಿರೆಲೆ ಗೊಬ್ಬರವಾಗುತ್ತದೆ, ಅದು ನಿಜ. ನಮ್ಮ ಹಿರಿಯರು ಹಾಗೆ ಬಳಸಿದ್ದಾರೆ.

ಸುಟ್ಟ ಗುಡ್ಡದ ಬುಡದಲ್ಲಿ

ಇಲ್ಲಿ ಮೊದಲ ಹೆಜ್ಜೆ ಕಾಯುವುದು. ಬೆಂಕಿ ಆರಿದ ವಾರವೇ ಗುಂಡಿ ತೋಡಿ ಗಿಡ ನೆಡುವ ಉತ್ಸಾಹ ಬರುತ್ತದೆ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಆದರೆ ಸುಟ್ಟ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಹಳೆಯ ಬೇರುಗಳು. ನೀವು ಅಗೆದಷ್ಟೂ ಮೊದಲ ಜೋರು ಮಳೆಗೆ ಮಣ್ಣು ಕೆರೆಗೆ ಇಳಿಯುತ್ತದೆ. ಉಳುಮೆಯಂತೂ ಬೇಡವೇ ಬೇಡ. ಬೂದಿಯಲ್ಲಿ ಪೊಟ್ಯಾಶ್, ಸುಣ್ಣದ ಅಂಶ ಇರುತ್ತದೆ, ಗಿಡಕ್ಕೆ ಒಳ್ಳೆಯದೇ. ಸಾರಜನಕ ಮಾತ್ರ ಹೊಗೆಯಲ್ಲಿ ಹೋಗಿಬಿಟ್ಟಿರುತ್ತದೆ. ಆ ಬೂದಿಯೂ ಮೇಲ್ಮಣ್ಣೂ ಜಾಗದಲ್ಲೇ ನಿಲ್ಲುವಂತೆ ಮಾಡುವುದು ಮಳೆಗೆ ಮುಂಚಿನ ಕೆಲಸ.

ಅಲ್ಲೇ ಬಿದ್ದಿರುವ ಕಲ್ಲುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಸಾಲಾಗಿ ಜೋಡಿಸಿ. ಮೊಣಕಾಲೆತ್ತರ ಬೇಕಿಲ್ಲ, ಒಂದು ಗೇಣು ಸಾಕು. ಕಲ್ಲು ಇಲ್ಲದ ಕಡೆ ಅರೆಬೆಂದ ಕೊಂಬೆಗಳನ್ನು ಅಡ್ಡ ಮಲಗಿಸಿ, ಗೂಟ ಹೊಡೆಯಿರಿ. ಮಳೆ ನೀರು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಬೂದಿ, ಮಣ್ಣು, ಮೇಲಿನಿಂದ ಕೊಚ್ಚಿಬಂದ ಬೀಜ ಎಲ್ಲ ಅಲ್ಲೇ ತಂಗುತ್ತವೆ.

ಈಗ ಮೊದಲ ಎರಡು ಹದ ಮಳೆ ಆಗಲಿ. ಆಮೇಲೆ ಹೋಗಿ ನೋಡಿ. ಸುಟ್ಟ ತಂಗಡಿ ಮೋಟುಗಳ ಬುಡದಲ್ಲಿ ಚಿಗುರು ಬಂದಿರುತ್ತದೆ. ಹಿಂದೆ ಚರ್ಮ ಹದ ಮಾಡುವುದಕ್ಕೆ ಇದರ ತೊಗಟೆಯೇ ಬೇಕಿತ್ತು. ದಕ್ಷಿಣ ಭಾರತದ ಹದಕಾರರೆಲ್ಲ ಇದನ್ನು ಬಂಡಿಗಟ್ಟಲೆ ಕೊಳ್ಳುತ್ತಿದ್ದರು. ಕಡಿದ ಮೇಲೆ ಬುಡದಿಂದ ಮತ್ತೆ ಎದ್ದು ನಿಲ್ಲುತ್ತಿದ್ದುದರಿಂದಲೇ ಆ ವ್ಯಾಪಾರ ನಡೆಯಿತು. ಬೆಂಕಿಗೂ ಅದೇ ಉತ್ತರ. ಚಿಗುರು ಬಂದ ಪ್ರತಿ ಮೋಟಿನ ಪಕ್ಕ ಒಂದು ಕಲ್ಲು ಗುರುತು ಇಡಿ. ಹತ್ತು ಹೆಜ್ಜೆಗೆ ಒಂದಾದರೂ ಚಿಗುರಿದ ಮೋಟು ಸಿಕ್ಕರೆ ನೀವು ಬೀಜ ಹಾಕುವ ಅಗತ್ಯವೇ ಇಲ್ಲ. ದನ, ಕುರಿ ತುಳಿಯದಂತೆ ಒಂದು ಮಳೆಗಾಲ ನೋಡಿಕೊಂಡರೆ ಮುಗಿಯಿತು.

ಏನೂ ಚಿಗುರದ ಬೋಳು ಜಾಗಕ್ಕೆ ಮಾತ್ರ ಬೀಜ. ಕಲ್ಲಿನ ಸಾಲಿನ ಮೇಲ್ಬದಿಯಲ್ಲಿ, ಬೂದಿ ಮಣ್ಣು ನಿಂತಿರುವಲ್ಲಿ, ಬೆರಳಿನಿಂದ ಗೀರಿ ನಾಲ್ಕೈದು ಬೀಜ ಹಾಕಿ ಮುಚ್ಚಿ. ಬೀಜದುಂಡೆ ಎಸೆಯುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಇಳಿಜಾರಿನಲ್ಲಿ ಉಂಡೆ ಉರುಳಿ ಹಳ್ಳ ಸೇರುತ್ತದೆ, ಬಂಡೆ ಮೇಲೆ ಬಿದ್ದದ್ದು ಬಿಸಿಲಿಗೆ ಒಣಗುತ್ತದೆ. ಒಳಗಿರುವುದು ಬಿಸಿನೀರು ಕಾಣದ ಬೀಜವಾದರೆ ಉಂಡೆ ಕರಗಿದ ಮೇಲೂ ಸುಮ್ಮನೆ ಬಿದ್ದಿರುತ್ತದೆ. ಕಾಲು ಹಾಕಲಾಗದ ಬಂಡೆ ಸಂದಿಗೆ ಬೇಕಾದರೆ ಎಸೆಯಿರಿ. ಕೈಗೆ ಎಟಕುವ ಜಾಗದಲ್ಲಿ ಕೂತು ಹಾಕಿದ ಬೀಜವೇ ಮೇಲು.

ಸುಟ್ಟ ನೆಲವನ್ನು ತಂಗಡಿ ಒಂದೇ ಕಾಯುತ್ತಿರುವುದಿಲ್ಲ. ಲಂಟಾನ ಕೂಡ ಬುಡದಿಂದ ಚಿಗುರುತ್ತದೆ, ಕಾಂಗ್ರೆಸ್ ಗಿಡ ಗಾಳಿಯಲ್ಲಿ ಬರುತ್ತದೆ. ಮೊದಲ ಮಳೆ ಆದ ಮೇಲೆ ನೆಲ ಮೆತ್ತಗಿರುವಾಗ ಲಂಟಾನದ ಬುಡವನ್ನು ಬೇರುಸಮೇತ ಮೀಟಿ, ತಲೆಕೆಳಗು ಮಾಡಿ ಒಣಗಲು ಬಿಡಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ, ಕೈಗೆ ಗವಸು ಹಾಕಿಕೊಂಡು ಕೀಳಿ. ಇವೆರಡನ್ನೂ ಮೊದಲ ವರ್ಷ ತಡೆದರೆ ತಂಗಡಿಗೆ ಬೇರೆ ಸಹಾಯ ಬೇಕಿಲ್ಲ.

ಜಾಗ ಯಾರದು ಅಂತ ತಿಳಿದುಕೊಂಡೇ ಹೊರಡಿ. ಅರಣ್ಯದ ಗಡಿಯೊಳಗಾದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಕೇಳಿ. ಗೋಮಾಳ ಆದರೆ ಪಂಚಾಯಿತಿಯಲ್ಲಿ, ಜೊತೆಗೆ ಅಲ್ಲಿ ಕುರಿ ಮೇಯಿಸುವವರ ಹತ್ತಿರ ಮಾತಾಡಿ. ಕುರಿ, ಮೇಕೆ ತಂಗಡಿ ಸೊಪ್ಪನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅದಕ್ಕೇ ಗೋಮಾಳದಲ್ಲಿ ಇನ್ನೂ ಉಳಿದಿದೆ. ತೊಂದರೆ ಆಗುವುದು ಎಳೆ ಸಸಿ ಕಾಲಿಗೆ ಸಿಕ್ಕಿ. "ಅಣ್ಣಾ, ಈ ಮಳೆಗಾಲ ಒಂದು ಈ ಕಡೆ ಬಿಟ್ಟು ಆ ಕಡೆ ಹೊಡ್ಕೊಂಡು ಹೋಗಿ" ಅಂತ ಕೇಳಿದರೆ ಬೇಡ ಅನ್ನುವವರು ಕಮ್ಮಿ. ಕೇಳದೆ ಮುಳ್ಳುಬೇಲಿ ಹಾಕಿದರೆ ಜಗಳ ಗ್ಯಾರಂಟಿ.

ಚೀಲದಲ್ಲಿ ಸಸಿ ಮಾಡುವುದಾದರೆ

ಇದರ ತಾಯಿಬೇರು ಬೇಗ ಆಳಕ್ಕೆ ಇಳಿಯುತ್ತದೆ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಆದಷ್ಟು ನೇರ ಬಿತ್ತನೆಯೇ ಮಾಡಿ. ಶಾಲೆ ಅಂಗಳಕ್ಕೋ ಮನೆ ಮುಂದಕ್ಕೋ ಕೆಲವೇ ಗಿಡ ಬೇಕಿದ್ದರೆ ಉದ್ದನೆಯ ನರ್ಸರಿ ಚೀಲ ತನ್ನಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ. ಏಪ್ರಿಲ್‌ನಲ್ಲಿ ಚೀಲಕ್ಕೆ ಎರಡು ಬೀಜ ಹಾಕಿ, ಗಟ್ಟಿ ಇರುವ ಒಂದನ್ನು ಉಳಿಸಿ. ಗೇಣುದ್ದ ಆದ ಮೇಲೆ, ಬೇರು ಚೀಲದ ತಳ ಮುಟ್ಟಿ ಸುತ್ತಿಕೊಳ್ಳುವ ಮುಂಚೆ, ಮಳೆ ಹಿಡಿದ ದಿನ ನೆಡಿ.

ಜೊತೆಗೆ ತುಂಬೆ

ಮಕರಂದದ ಕೊರತೆ ತುಂಬಲು ತುಂಬೆಗಿಂತ ಅಗ್ಗದ್ದು ಇಲ್ಲ. ಶಿವರಾತ್ರಿಗೆ ಹುಡುಕುವ ಅದೇ ಬಿಳಿ ತುಂಬೆ. ಜೇನು, ಚಿಟ್ಟೆ, ಸಣ್ಣ ದುಂಬಿ ಎಲ್ಲಕ್ಕೂ ಬೇಕು. ವರ್ಷಕ್ಕೆ ಸಾಯುವ ಗಿಡ, ಬೀಜ ಉದುರಿಸಿ ಮತ್ತೆ ಹುಟ್ಟುತ್ತದೆ. ಡಿಸೆಂಬರ್ ಹೊತ್ತಿಗೆ ಒಣಗಿದ ಹೂಗೊಂಚಲನ್ನೇ ಕಿತ್ತು ಕಾಗದದ ಚೀಲದಲ್ಲಿ ಉಜ್ಜಿದರೆ ಸಣ್ಣ ಬೀಜ ಉದುರುತ್ತವೆ. ಮುಂಗಾರಿಗೆ ಮರಳಿನಲ್ಲಿ ಕಲಸಿ ಬದುವಿನ ಮೇಲೆ ಎರಚಿ. ಮಣ್ಣು ಮುಚ್ಚಬೇಡಿ, ಬಿಸಿನೀರೂ ಬೇಡ.

ರಾಗಿ ಹೊಲದಲ್ಲಿ ನಡುನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಹಾಕುವವರು ಅವರೆ, ತೊಗರಿ, ಹುಚ್ಚೆಳ್ಳು ಬಿಡಬೇಡಿ. ಹುಚ್ಚೆಳ್ಳು ಹೂವು ಜೇನಿಗೆ, ತೊಗರಿ, ಅವರೆ ಹೂವು ದುಂಬಿಗೆ. ಅಕ್ಕಡಿ ಬಿಟ್ಟು ಬರೀ ರಾಗಿ ಹಾಕಲು ಶುರು ಮಾಡಿದ ಮೇಲೆ ಹೊಲದಲ್ಲಿ ಹುಳುವಿಗೆ ಏನೂ ಉಳಿದಿಲ್ಲ.

ಗಿಡ ಎದ್ದ ಮೇಲೆ

ಮೊದಲ ಬೇಸಿಗೆ ದಾಟಿದರೆ ತಂಗಡಿಗೆ ನೀರು ಬೇಡ. ಆ ಒಂದು ಬೇಸಿಗೆ, ಮನೆ ಹತ್ತಿರ ಇದ್ದರೆ, ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ. ಗುಡ್ಡದಲ್ಲಿ ಹಾಗೆ ಮಾಡಲು ಹೋಗಬೇಡಿ, ಬದುಕುವುದು ಬದುಕುತ್ತದೆ. ಒಂದು ಗುಳಿಯಲ್ಲಿ ನಾಲ್ಕೂ ಎದ್ದಿದ್ದರೆ ಗಟ್ಟಿ ಇರುವ ಎರಡನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ, ಕೀಳಬೇಡಿ. ಹೂವು ಸಾಮಾನ್ಯವಾಗಿ ಎರಡನೇ ಮಳೆಗಾಲಕ್ಕೆ ಸರಿಯಾಗಿ ಶುರುವಾಗುತ್ತದೆ.

ಎಲೆ ತಿನ್ನುವ ಹಸಿರು ಕಂಬಳಿಹುಳು ಬರುತ್ತದೆ. ಔಷಧಿ ತರಬೇಡಿ. ಅದು ತಿಳಿಹಳದಿ ಬಣ್ಣದ ವಲಸೆ ಚಿಟ್ಟೆಯ ಮರಿ. ತಂಗಡಿ, ತಗಚೆ, ಕಕ್ಕೆಯಂಥ ಗಿಡಗಳೇ ಅದರ ಊಟ. ನಿಮ್ಮ ಟೊಮೆಟೊವನ್ನು ಅದು ಮುಟ್ಟುವುದಿಲ್ಲ. ಗಿಡ ಬೋಳಾದರೂ ಮತ್ತೆ ಚಿಗುರುತ್ತದೆ.

ಮೂರನೇ ವರ್ಷದಿಂದ, ಬೀಜ ತೆಗೆದ ಮೇಲೆ ಮಾರ್ಚ್ ಹೊತ್ತಿಗೆ, ಗಿಡವನ್ನು ಮೊಣಕಾಲೆತ್ತರಕ್ಕೆ ಸವರಬಹುದು. ಹೊಸ ಕೊಂಬೆ ಜಾಸ್ತಿ ಬರುತ್ತದೆ, ಹೂವೂ ಜಾಸ್ತಿ. ಒಂದು ವರ್ಷಕ್ಕೆ ಅರ್ಧ ಸಾಲು ಮಾತ್ರ ಸವರಿ, ಉಳಿದರ್ಧದಲ್ಲಿ ಹೂವು ಇರಲಿ. ಕಡಿದ ಸೊಪ್ಪನ್ನು ಟೊಮೆಟೊ ಸಾಲಿನ ನಡುವೆ ಮುಚ್ಚಿಗೆಯಾಗಿ ಹಾಸಿ.

ದುಂಬಿಗೆ ಊಟ ಇದ್ದರೆ ಸಾಲದು, ಮನೆಯೂ ಬೇಕು. ಕರಿದುಂಬಿ ಒಣ ಮರ, ಒಣ ಬಿದಿರು, ಹೂ ಬಿಟ್ಟು ಸತ್ತ ಕತ್ತಾಳೆಯ ಉದ್ದ ಕಂಬದಲ್ಲಿ ತೂತು ಕೊರೆದು ಮೊಟ್ಟೆ ಇಡುತ್ತದೆ. ಬದುವಿನ ಕತ್ತಾಳೆ ಕಂಬ ಒಣಗಿತು ಅಂತ ಒಲೆಗೆ ಹಾಕಬೇಡಿ, ಎರಡು ಮೂರು ನಿಂತಿರಲಿ. ನೀಲಿಪಟ್ಟೆಯ ಜೇನಿಗೆ ಹುಲ್ಲಿಲ್ಲದ ಮಣ್ಣಿನ ದಂಡೆ, ಹಳೆಯ ಮಣ್ಣುಗೋಡೆ ಬೇಕು. ಇಡೀ ಬದುವಿಗೆ ಪ್ಲಾಸ್ಟಿಕ್ ಹೊದಿಸಿದರೆ ಅದು ಎಲ್ಲಿಗೆ ಹೋಗಬೇಕು?

ಔಷಧಿ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ. ಟೊಮೆಟೊ ಹೂವಿಗೂ ತಂಗಡಿ ಹೂವಿಗೂ ದುಂಬಿ ಬರುವುದು ಹೆಚ್ಚಾಗಿ ಬೆಳಗಿನ ಹೊತ್ತು. ಗಾಳಿ ತಂಗಡಿ ಸಾಲಿನ ಕಡೆ ಬೀಸುತ್ತಿದ್ದರೆ ಆ ದಿನ ಬಿಡಿ.

ಇನ್ನು ಬೆಂಕಿ. ಎಳೆಯ ತಂಗಡಿ ಸಸಿಗೆ ಬುಡದಿಂದ ಮತ್ತೆ ಏಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಒಂದೇ ಜಾಗ ವರ್ಷವರ್ಷವೂ ಸುಟ್ಟರೆ ಹಳೆಯ ಮೋಟು ಸೋಲುತ್ತದೆ, ಹೊಸ ಸಸಿ ಉಳಿಯುವುದಿಲ್ಲ, ಕೊನೆಗೆ ಬರೀ ಹುಲ್ಲು. ಹಾಗಾಗಿ ಬಿತ್ತಿದ ಜಾಗದ ಸುತ್ತ, ಡಿಸೆಂಬರ್ ಮುಗಿಯುವ ಮುಂಚೆ, ಹತ್ತು ಅಡಿ ಅಗಲದ ಪಟ್ಟಿಯಲ್ಲಿ ಹುಲ್ಲು ಕೊಯ್ದು ತೆಗೆಯಿರಿ. ಸುಟ್ಟು ಪಟ್ಟಿ ಮಾಡಲು ಹೋಗಬೇಡಿ. ಅನುಭವ ಇರುವ ಅರಣ್ಯ ಸಿಬ್ಬಂದಿಯ ಕೈಯಲ್ಲೂ ಗಾಳಿ ತಿರುಗಿದರೆ ಬೆಂಕಿ ತಪ್ಪಿಸಿಕೊಳ್ಳುತ್ತದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಕೊಯ್ದ ಹುಲ್ಲನ್ನು ದನಕ್ಕೆ ಹಾಕಿ. ಊರಲ್ಲಿ ಕೇಳಿದರೆ ಕೊಯ್ದುಕೊಂಡು ಹೋಗುವವರು ಸಿಕ್ಕೇ ಸಿಗುತ್ತಾರೆ, ಆಗ ನಿಮ್ಮ ಕೂಲಿಯೂ ಉಳಿಯುತ್ತದೆ.